ಲಕ್ಕವ್ವನ ಗೌರಿಹೂವನ್ನು ಕಸವೆಂದದ್ದರ ಕುರಿತು

ಮಾನ್ಯರೇ,

ಕಳೆದ ಮೇ ತಿಂಗಳಲ್ಲಿ ತಮ್ಮ ಅಪ್ಪಣೆಯಂತೆ ನಮ್ಮ ಕಚೇರಿಯ ಆವರಣದಿಂದ ಅಗೆದು ಎಸೆದದ್ದು ಕಸವಲ್ಲ, ಜೀವವಿದ್ದ ಹೂಬಳ್ಳಿಯ ಗಡ್ಡೆಗಳು. ಅದು ತಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಗಾಗಿ ಈ ಪತ್ರದಲ್ಲಿ ತಮ್ಮ ಮೇಲಿನ ದೂರಿಗಿಂತ ನನ್ನ ಮೇಲಿನದೇ ದೊಡ್ಡದು.

ಕಸಗುಡಿಸಲು ದಿನಗೂಲಿಯ ಮೇಲಿದ್ದ ಕೊಕಟನೂರಿನ ಲಕ್ಕವ್ವ ೧೯೮೩ರಲ್ಲಿ ಹೊಲದ ಬೇಲಿಗಳಿಂದ ಗೌರಿಹೂವಿನ ಗಡ್ಡೆ ತಂದು ಗೋಡೆಯುದ್ದಕ್ಕೂ ನೆಟ್ಟಿದ್ದಳು. ಒಮ್ಮೆ ನೆಟ್ಟರೆ ವರ್ಷವರ್ಷವೂ ತಾನೇ ಏಳುವ ಬಳ್ಳಿ ಅದು. ಭಾದ್ರಪದದ ಹೊತ್ತಿಗೆ ಗೋಡೆಗೆ ಬೆಂಕಿ ಹತ್ತಿದಂತೆ ಕಾಣುತ್ತಿತ್ತು. ದೀಪಾವಳಿ ಕಳೆದು ಒಣಗಿದರೂ ಅವಳು ಕೀಳುತ್ತಿರಲಿಲ್ಲ. ಬೇಸಿಗೆಯಲ್ಲಿ ಹನಿ ನೀರೂ ಹಾಕುತ್ತಿರಲಿಲ್ಲ. ಹಾಕಿದರೆ ಗಡ್ಡೆ ಕೊಳೆಯುತ್ತದೆಂದು ನನಗೆ ಹೇಳಿಕೊಟ್ಟವಳೇ ಅವಳು. ಪ್ರತಿವರ್ಷ ನಮ್ಮ ಮನೆಯ ಗೌರಿಗೆ ಅವಳು ಕೊಟ್ಟ ಹೂವೇ ಏರುತ್ತಿತ್ತು.

ತಾವು ತಪಾಸಣೆಗೆ ಬಂದದ್ದು ರಣಬಿಸಿಲಿನಲ್ಲಿ. ಒಣಕಡ್ಡಿ ನೋಡಿ, "ಇದೇನ್ ತೋಟಾನೋ, ಸುಡಗಾಡೋ?" ಎಂದಿರಿ. ಎಂಥ ಸೂಕ್ಷ್ಮ ದೃಷ್ಟಿ! ಮಣ್ಣಿನ ಮೇಲೆ ಕಾಣದ್ದು ಒಳಗೂ ಇಲ್ಲವೆಂದು ಅರೆನಿಮಿಷದಲ್ಲಿ ತೀರ್ಮಾನಿಸಿದಿರಿ. ಲಕ್ಕವ್ವ ಕೈಮುಗಿದು, "ಸತ್ತಿಲ್ರಿ ಸಾಹೇಬ್ರ, ಮಲಗ್ಯಾವ. ಮಿರಗದ ಮಳಿ ಆಗ್ಲಿ, ಏಳ್ತಾವ. ಬೇಕಾದ್ರ ಕಾರಕೂನರನ್ನ ಕೇಳ್ರಿ" ಎಂದಳು.

"ಏನ್ರಿ, ಹೌದೇನು?" ಎಂದು ತಾವು ನನ್ನತ್ತ ತಿರುಗಿದಿರಿ.

ನನ್ನ ಬಡ್ತಿಯ ಕಾಗದ ತಮ್ಮ ಮೇಜಿನ ಮೇಲಿತ್ತು. "ನನಗೇನ್ ಗೊತ್ತಿಲ್ರಿ" ಎಂದೆ.

ಅಂದೇ ನೆಲ ಅಗೆದು ಕ್ರೋಟನ್ ಕುಂಡಗಳನ್ನು ಇಡಿಸಲಾಯಿತು. "ತೋಟದ ನಿರ್ಲಕ್ಷ್ಯ" ಎಂದು ಲಕ್ಕವ್ವನನ್ನು ಕೆಲಸದಿಂದ ತೆಗೆದ ಟಿಪ್ಪಣಿ ಬರೆದದ್ದೂ ಇದೇ ಕೈ. ಈಗ ಆ ಕುಂಡಗಳಿಗೆ ಎರಡು ಹೊತ್ತು ನೀರು ಹಾಕಿಸುತ್ತೇನೆ, ಆದರೂ ಬಾಡುತ್ತಿವೆ. ಇದನ್ನು ಯಾರ ನಿರ್ಲಕ್ಷ್ಯವೆಂದು ಬರೆಯಲಿ?

ಕಳೆದ ವಾರ ಗೌರಿಹಬ್ಬ. ಹೂವೆಲ್ಲಿ ಎಂದು ಹೆಂಡತಿ ಕೇಳಿದಳು. ಕೊಕಟನೂರಿನ ಬಸ್ಸು ಹತ್ತಿದೆ. ಲಕ್ಕವ್ವ ಯಾರದೋ ಕಬ್ಬಿನಲ್ಲಿ ಕಳೆ ತೆಗೆಯುತ್ತಿದ್ದಳು. ತಪ್ಪಾಯಿತೆಂದೆ. ಅವಳು ಬೈಯಲಿಲ್ಲ.

"ಸಾಹೇಬ್ರು ಹೊಸಬ್ರು, ಅವರಿಗೆ ತಿಳೀಲಿಲ್ಲ, ಬಿಡ್ರಿ. ನೀವು ಎಂಟು ವರ್ಷ ಹೂ ಒಯ್ದೀರಲ್ರಿ?" ಎಂದು ಮತ್ತೆ ಕಳೆಯತ್ತ ಬಾಗಿದಳು.

ಬದುವಿನ ಮೇಲಿಂದಲೇ ಹಿಂದಿರುಗಿದೆ. ಅವಳು ತಲೆಯೆತ್ತಿ ನೋಡಿದ್ದರೆ ಮುಖ ಎಲ್ಲಿಟ್ಟುಕೊಳ್ಳುತ್ತಿದ್ದೆನೋ!

ಮಾನ್ಯರೇ, ಆ ಟಿಪ್ಪಣಿ ಸುಳ್ಳು. ಅದನ್ನು ರದ್ದುಮಾಡಿ ಈ ಪತ್ರವನ್ನು ಕಡತಕ್ಕೆ ಸೇರಿಸಿ. ಲಕ್ಕವ್ವನನ್ನು ಮರಳಿ ಕರೆಯಿರಿ, ಆ ನೆಲವನ್ನು ಅವಳಿಗೇ ಬಿಡಿ. ಶಿಕ್ಷೆ ಯಾರಿಗಾದರೂ ಆಗಲೇಬೇಕೆಂದಿದ್ದರೆ, ಅವಳ ಹೆಸರಿದ್ದಲ್ಲಿ ನನ್ನದನ್ನು ಬರೆಯಿರಿ. ಈ ಸಲ ನಾನು ಇಲ್ಲವೆನ್ನುವುದಿಲ್ಲ.

ಇಂತಿ,
ಗೊತ್ತಿದ್ದೂ ಗೊತ್ತಿಲ್ಲವೆಂದ ಕಾರಕೂನ,
ವಿರೂಪಾಕ್ಷಪ್ಪ
ಅಥಣಿ, ಸೆಪ್ಟೆಂಬರ್ ೧೯೯೧