ಕೊರಳಿಗೆ ಕಟ್ಟಿದ ಕೀಲಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.40

ಲೇತಿಗೆ ಎಣ್ಣೆ ಬಿಟ್ಟಾಯಿತು. ಬೆಲ್ಟ್ ಮತ್ತೆ ಸಡಿಲ. ಹುಡುಗಿ ನನಗಿಂತ ಮೊದಲೇ ಬಂದು ನೆಲ ಗುಡಿಸಿದ್ದಾಳೆ. ಮೂರನೇ ವಾರ, ಒಂದು ದಿನವೂ ತಡವಿಲ್ಲ.

ರಿಮ್ಯಾಂಡ್ ಹೋಮಿನಿಂದ ಬಂದವಳು. ಹದಿನಾಲ್ಕಕ್ಕೆ ಮಲತಂದೆಗೆ ಚೂರಿ ಹಾಕಿದಳಂತೆ. ಅವನು ಏನು ಮಾಡಿದ್ದ ಅಂತ ಯಾವ ಕಾಗದದಲ್ಲೂ ಇಲ್ಲ. ಈಗ ಹದಿನೇಳು. ವರ್ಕ್‌ಶಾಪಿನಲ್ಲಿ ಹೆಸರು ಹಿಡಿದು ಕರೆಯುವವರಿಲ್ಲ — ‘ಚೂರಿ’.

ಹೋಮಿನ ಮಕ್ಕಳಿಗೆ ಕೆಲಸ ಕಲಿಸುವ ಸ್ಕೀಮಿನ ಮೇಡಂ ಕೊಟ್ಟ ಪುಸ್ತಕದಲ್ಲಿ ನಾನು ‘ಮಾರ್ಗದರ್ಶಿ’. ಎಂಥಾ ದೊಡ್ಡ ಮಾತು! ಆರು ತಿಂಗಳು ಕಲಿಸಬೇಕು. ಮೂರು ಕೆಂಪು ಗುರುತು ಬಿದ್ದರೆ ಹುಡುಗಿ ವಾಪಸ್ ಹೋಮಿಗೆ. ಬೀಳದಿದ್ದರೆ ಹೆಲ್ಪರ್ ಕೆಲಸ ಖಾಯಂ.

ಆ ಜಾಗವನ್ನು ನನ್ನ ತಮ್ಮ ತನ್ನ ಭಾಮೈದನಿಗೆ ಅಂತ ಮಾತು ಕೊಟ್ಟಿದ್ದ. ತಮ್ಮ ಇಲ್ಲಿ ಮೇಸ್ತ್ರಿ. ನನ್ನ ಜೊತೆ ಮಾತು ಬಿಟ್ಟು ಹದಿನೈದು ದಿನ. ಒಂದೇ ಮನೆ, ಒಂದೇ ಒಲೆ.

ಮಾರ್ಚ್ 6, ಗುರುವಾರ. ಊಟದ ಹೊತ್ತು

ಮೊದಲ ತಪ್ಪು. ಮೂರನೇ ಲೇತಿನಲ್ಲಿ ಕಬ್ಬಿಣದ ತುಂಡು ಕಚ್ಚಿ ತಿರುಗಿಸುವ ಚಕ್‌ನಲ್ಲಿ, ಅದನ್ನು ಬಿಗಿ ಮಾಡುವ ಕೀಲಿ ಹಾಗೇ ಇತ್ತು.

ಮೊದಲ ದಿನವೇ ಹೇಳಿದ್ದೆ — "ಚಕ್ ಬಿಗಿ ಮಾಡಿದ್ಮೇಲೆ ಕೀಲಿ ಕೈಯಲ್ಲೇ ಇರ್ಬೇಕು. ಬಿಟ್ಟು ಮೋಟಾರ್ ಹಾಕಿದ್ಯೋ, ಗುಂಡಿನ ಥರ ಹಾರುತ್ತೆ. ಯಾರ ತಲೆಗೆ ಅಂತ ಕೇಳ್ಕೊಂಡು ಹೋಗಲ್ಲ."

"ನಾನು ಬಿಟ್ಟಿಲ್ಲ ಅಕ್ಕ."

"ಮತ್ತೆ ಯಾರು, ದೆವ್ವಾನಾ?"

ನಮ್ಮಲ್ಲೊಂದು ಪದ್ಧತಿ. ಕೀಲಿ ಬಿಟ್ಟವರ ಕೊರಳಿಗೆ ಅದನ್ನೇ ಹಗ್ಗದಲ್ಲಿ ಕಟ್ಟುವುದು. ಸಂಜೆ ಸೈರನ್ ಆಗುವ ತನಕ ಬಿಚ್ಚುವಂತಿಲ್ಲ. ಮುಕ್ಕಾಲು ಕೇಜಿ ಕಬ್ಬಿಣ. ನನ್ನ ಗುರು ನನಗೂ ಕಟ್ಟಿದ್ದ. ಅವಳಿಗೂ ಕಟ್ಟಿದೆ. ಎಲ್ಲರೂ ನಕ್ಕರು. ತಮ್ಮ ಎಲ್ಲರಿಗಿಂತ ಜೋರಾಗಿ.

"ಏ ಚೂರಿ, ಒಡವೆ ಚೆನ್ನಾಗೈತೆ ಕಣೇ!"

ಅವಳು ಅಳಲಿಲ್ಲ. ಕೀಲಿಯನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು ಬಲಗೈಯಲ್ಲಿ ಕೆಲಸ ಮಾಡಿದಳು.

ಪುಸ್ತಕದಲ್ಲಿ ಕೆಂಪು ಗುರುತು ಒಂದು. ನನ್ನ ಕೈಯಾರೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 3.15



ಹನ್ನೊಂದು ಗಂಟೆ. ಹುಡುಗಿ ನೀರು ಕುಡಿದು ಬಂದಳು, ಸ್ವಿಚ್ ಒತ್ತಿದಳು. ಕೀಲಿ ಹಾರಿತು. ಸಾಣೆ ಹಿಡಿಯುವ ಅಜ್ಜನ ಕಿವಿಯ ಪಕ್ಕ ಒಂದು ಗೇಣು — ಗೋಡೆಯ ಗಾರೆ ಕಿತ್ತು ನೆಲಕ್ಕೆ ಬಿತ್ತು. ಅಜ್ಜ ಕೂತಲ್ಲೇ ಒದ್ದೆ ಮಾಡಿಕೊಂಡ. ಯಾರೂ ನಗಲಿಲ್ಲ.

ನಾನು ಹೋಗಿ ಹೊಡೆದೆ. ಕೆನ್ನೆಗಲ್ಲ... ಮುಷ್ಟಿ ಕಟ್ಟಿ ಮೂಗಿಗೆ. ರಕ್ತ ಅವಳ ಬಾಯಿಗೆ, ಅಲ್ಲಿಂದ ಅಂಗಿಗೆ.

"ನೀರಿಗೆ ಹೋಗೋವಾಗ ಕೀಲಿ ಮೊಳೆಗೆ ಹಾಕಿ ಹೋಗಿದ್ದೆ ಅಕ್ಕ. ನೀವೇ ನೋಡಿದ್ರಲ್ಲ."

ನೋಡಿದ್ದೆನಾ? ನೋಡಿದ್ದರೂ ಆ ಹೊತ್ತಿಗೆ ನೆನಪಾಗಲಿಲ್ಲ. ಸಿಟ್ಟು ಮುಂದೆ, ಬುದ್ಧಿ ಹಿಂದೆ. ಕೀಲಿ ಕಟ್ಟಿದೆ. ಎರಡನೇ ಕೆಂಪು ಗುರುತು ಹಾಕಿದೆ. ಮೇಡಂಗೆ ಫೋನ್ ಮಾಡಿಯೂ ಹೇಳಿದೆ.

ಮುಷ್ಕರದ ದಿನ ಗೇಟಿನ ಮುಂದೆ ಮುಷ್ಟಿ ಎತ್ತಿ ಕೂಗಿದವಳು ನಾನು. ಲಾಠಿ ತಿಂದು ಎರಡು ಪಕ್ಕೆಲುಬು ಮುರಿಸಿಕೊಂಡವಳು. ದಣಿಗಳ ಎದುರು ಎತ್ತಿದ ಮುಷ್ಟಿ ಅದೇ. ಇಪ್ಪತ್ತು ವರ್ಷಕ್ಕೆ ಬಂದು ಇಳಿದದ್ದು ಯಾರ ಮೂಗಿನ ಮೇಲೆ!

ಮಾರ್ಚ್ 13

ಕೊರಳಲ್ಲಿ ಹಗ್ಗದ ಗೆರೆ, ಕೆಂಪಗೆ. ಅಜ್ಜ ಅವಳಿಗೆ ಬೆಲ್ಲ ಕೊಟ್ಟು, "ತಿನ್ನು ಮಗಾ, ಸಾವು ನನ್ನ ಕಿವೀಲಿ ಗುಟ್ಟು ಹೇಳಿ ಹೋಯ್ತು, ಕರ್ಕೊಂಡು ಹೋಗ್ಲಿಲ್ಲ" ಅಂದ. ಅವಳು ನಕ್ಕಳು. ಮುಂದಿನ ಹಲ್ಲೊಂದು ಓರೆ ಅಂತ ಇವತ್ತೇ ಗೊತ್ತಾದದ್ದು.

ಮಾರ್ಚ್ 19, ಬುಧವಾರ. ಬೆಳಿಗ್ಗೆ 10.30, ಕಕ್ಕಸಿನಲ್ಲಿ ಕೂತು

ಬೇಗ ಬರೆಯಬೇಕು. ಪೊಲೀಸರು ಬರುತ್ತಿದ್ದಾರೆ.

ಕಂಡೆ. ಸ್ಟೋರಿನ ಕಿಟಕಿಯಿಂದ. ಹುಡುಗಿ ಡಬ್ಬಿ ತರಲು ಹೋಗಿದ್ದಳು. ತಮ್ಮ ಬಂದ. ಆಚೀಚೆ ನೋಡಿದ. ಮೊಳೆಯಿಂದ ಕೀಲಿ ತೆಗೆದ, ಮೂರನೇ ಲೇತಿನ ಚಕ್‌ಗೆ ಸಿಕ್ಕಿಸಿದ, ಕೈ ಒರೆಸಿಕೊಂಡು ಹೊರಟ. ಶಿಳ್ಳೆ ಹಾಕುತ್ತಾ.

ಬಾಯಿ ಬರಲಿಲ್ಲ. ನನ್ನ ಸೊಂಟದ ಮೇಲೆ ಬೆಳೆದವನು.

ಹುಡುಗಿ ಬಂದಳು. ಈಗೀಗ ಸ್ವಿಚ್ ಮುಟ್ಟುವ ಮೊದಲು ಮೂರು ಸಲ ನೋಡುತ್ತಾಳೆ. ಕಂಡಳು. ತೆಗೆದಳು. ಅವನ ಬೆನ್ನ ಹಿಂದೆ ನಡೆದು ಹೋದಳು — ಓಡಲಿಲ್ಲ. "ಮೇಸ್ತ್ರಿ" ಅಂದಳು. ತಿರುಗಿದ. ಕೈಯಲ್ಲಿದ್ದ ಕೀಲಿಯಿಂದಲೇ ಮುಖಕ್ಕೆ ಒಂದು. ಬೀಳುವಾಗ ಇನ್ನೊಂದು. ದವಡೆ ಮುರಿದ ಸದ್ದು ಮೋಟಾರಿನ ಸದ್ದಿನೊಳಗೂ ಕೇಳಿಸಿತು.

ನಾನು ಓಡಿ ಹೋಗಿ ಅವಳ ಎರಡೂ ಕೈ ಹಿಂದಕ್ಕೆ ಹಿಡಿದೆ. ಬಿಡಿಸಲೆಂದೇ ಹಿಡಿದದ್ದು. ಆದರೆ ನಾಲ್ಕು ಜನ ಬಂದು ಒದ್ದರು. ಹೊಟ್ಟೆಗೆ, ಮೊಣಕಾಲಿಗೆ. ಒಬ್ಬ ಕಣ್ಣಿಗೆ, ಬಾಯಿಗೆ ಗುದ್ದಿದ. ನಾನು ಹಿಡಿದೇ ಇದ್ದೆ. ಅವರು ಒದ್ದರು, ನಾನು ಹಿಡಿದಿದ್ದೆ.

ಅವಳು ತಲೆ ಹಿಂದಕ್ಕೆ ವಾಲಿಸಿ ನನ್ನನ್ನು ನೋಡಿದಳು.

ಬಾಗಿಲು ಬಡಿಯುತ್ತಿದ್ದಾರೆ.

ಮಾರ್ಚ್ 31, ಸೋಮವಾರ

ಹನ್ನೆರಡು ದಿನ ಪೆನ್ನು ಮುಟ್ಟಲಿಲ್ಲ. ಹೇಳಿಕೆ ಕೊಟ್ಟೆ ಅವತ್ತು: "ಹೊಡೆದದ್ದು ನೋಡಿದೆ." ಅಷ್ಟೇ. ಅದರ ಹಿಂದಿನದನ್ನು ನುಂಗಿದೆ.

ಮನೆಯಲ್ಲಿ ತಮ್ಮನಿಗೆ ನಳಿಕೆಯಲ್ಲಿ ಗಂಜಿ. ದವಡೆಗೆ ತಂತಿ. ಅವನ ಹೆಂಡತಿ ದಿನಾ ಕೇಳಿಸುವ ಹಾಗೆ — "ಹಾವಿಗೆ ಹಾಲೆರೆದ್ರು ನಮ್ಮತ್ತಿಗೆ. ಕಚ್ಚಿಸ್ಕೊಂಡೋರು ಮಾತ್ರ ನಾವು."

ಭಾಮೈದ ಇವತ್ತಿಂದ ಮೂರನೇ ಲೇತಿಗೆ. ಹೊಸ ಬೂಟು.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ

ಹೋಮಿಗೆ ಹೋಗಿದ್ದೆ. ಕಬ್ಬಿಣದ ಜಾಲರಿಯ ಆಚೆ ಅವಳು. ಒಂದು ಕಣ್ಣು ಇನ್ನೂ ಮುಚ್ಚಿದೆ. ತಲೆ ಬೋಳಿಸಿದ್ದಾರೆ — ಹೇನು ಅಂತೆ. ಸುಳ್ಳು. ಅವಳ ತಲೆಗೆ ನಾನೇ ಎಣ್ಣೆ ಹಾಕಿದ್ದೆ, ಒಂದೂ ಇರಲಿಲ್ಲ.

"ಒಳಗೆ ಹೊಡೀತಾರಾ?"

"ಇಲ್ಲಿ ಹೊಡೆಯೋರ್ಗೆ ಸಂಬಳ ಇದೆ ಅಕ್ಕ. ನೀವೇ ಪುಕ್ಕಟೆ ಹೊಡೆದಿದ್ದು."

ಅವಳೇ ಮುಂದುವರಿಸಿದಳು:

"ನಿಮ್ಮ ತಮ್ಮ ಕೀಲಿ ಹಾಕಿದ್ದು ನನಗೆ ಎರಡನೇ ಸಲಾನೇ ಗೊತ್ತಿತ್ತು. ಅವನ ಬೂಟಿನ ಎಣ್ಣೆ ಗುರುತು ಲೇತಿನ ಹತ್ರ ಇತ್ತು. ಹೇಳಿದ್ರೆ ನಂಬ್ತಿದ್ರಾ?"

"ಇಲ್ಲ."

"ಮೊದಲ ಸಲ ನಂಬಿದ್ದಿದ್ರೆ ಅವನ ದವಡೆ ಉಳೀತಿತ್ತು."

ನಗುತ್ತಾ ಹೇಳಿದಳು. ಓರೆ ಹಲ್ಲು ಇಲ್ಲ ಈಗ. ಅದು ಹೋದದ್ದು ನಾನು ಕೈ ಹಿಡಿದಿದ್ದಾಗ.

"ನಾನು ಕಣ್ಣಾರೆ ಕಂಡೆ" ಅಂದೆ. ಅವಳು ಜಾಲರಿ ಹಿಡಿದು ಹತ್ತಿರ ಬಂದಳು.

"ಶುಕ್ರವಾರ ವಿಚಾರಣೆ. ಹನ್ನೊಂದಕ್ಕೆ. ಅವರು ದೊಡ್ಡೋರ ಜೈಲು ಅಂತಾರೆ. ನೀವು ಬಂದ್ರೆ ಬನ್ನಿ, ಬರದಿದ್ರೆ ಬೇಡ. ಸುಳ್ಳು ಹೇಳೋಕೆ ಮಾತ್ರ ಬರ್ಬೇಡಿ. ನನ್ನ ಕೈ ಹಿಡ್ಕೊಳ್ಳೋಕೆ ಅಲ್ಲಿ ಬೇರೆಯವ್ರು ಇರ್ತಾರೆ."

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ 8.50

ಮೇಡಂ ಪುಸ್ತಕ ಮುಂದಿದೆ. ಎರಡು ಕೆಂಪು ಗುರುತನ್ನೂ ಹೊಡೆದು ಹಾಕಿದೆ. ಕೆಳಗೆ ಬರೆದೆ: ಈ ಎರಡೂ ತಪ್ಪು. ಕೀಲಿ ಇಟ್ಟವನು ನನ್ನ ಒಡಹುಟ್ಟಿದವನು. ಮೂರನೇ ಸಲ ನಾನು ಕಂಡೆ. ಕಂಡೂ ಕೂಗಲಿಲ್ಲ. ಅವಳನ್ನು ಒದೆಯುವಾಗ ಕೈ ಹಿಡಿದಿದ್ದವಳು ನಾನೇ. ರುಜು ಹಾಕಿದೆ.

ಆರೂವರೆಗೆ ತಮ್ಮನಿಗೂ ಹೇಳಿದೆ. ಬೆನ್ನ ಹಿಂದೆ ಮಾಡುವ ಕೆಲಸ ಅಲ್ಲ ಇದು. ತಂತಿಯ ಹಿಂದಿನಿಂದ ಏನೋ ಊಳಿಟ್ಟ. ಗಂಜಿಯ ಪಾತ್ರೆ ನನ್ನ ಹಣೆಗೆ ಬಂತು. ಮೂರು ಅಂಗುಲ ಸೀಳಿದೆ. ಮಹಡಿಯ ನನ್ನ ಕೋಣೆಗೆ ಬಂದು ಚಿಲಕ ಹಾಕಿ ಬಟ್ಟೆ ಕಟ್ಟಿದ್ದೇನೆ, ಆದರೂ ಹಾಳೆಯ ಮೇಲೆ ಹನಿ ಬೀಳುತ್ತಿದೆ. ಬೀಳಲಿ. ಈ ಮನೆಯಲ್ಲಿ ನನಗಿನ್ನು ಜಾಗವಿಲ್ಲ, ಗೊತ್ತು. ಐವತ್ತೆರಡಕ್ಕೆ ಬೀದಿ. ಅವಳು ಹದಿನಾಲ್ಕಕ್ಕೇ ನೋಡಿದಳು.

ನನ್ನ ಲೇತಿನ ಕೀಲಿ ನಿನ್ನೆಯೇ ತಂದಿದ್ದೆ. ಹಗ್ಗ ಅದೇ, ಅವಳಿಗೆ ಕಟ್ಟಿದ್ದು. ಕಟ್ಟಿಕೊಂಡೆ. ಭಾರ ಇದೆ. ಮರೆತೇ ಹೋಗಿತ್ತು ಎಷ್ಟು ಭಾರ ಅಂತ. ಬಸ್ಸಿನಲ್ಲಿ ನಗಲಿ ಜನ. ಕೋರ್ಟಿನಲ್ಲೂ ನಗಲಿ. ಸಂಜೆ ತನಕ ಬಿಚ್ಚುವುದಿಲ್ಲ. ಅದೇ ತಾನೇ ಪದ್ಧತಿ.

9.05

ತಮ್ಮ ಬಾಗಿಲು ಒದೆಯುತ್ತಿದ್ದಾನೆ. ಅವನ ಹೆಂಡತಿ ಕೂಗುತ್ತಿದ್ದಾಳೆ — "ಹೊರಗೆ ಬಿಡ್ಬೇಡಿ, ಕಾಲು ಮುರೀರಿ ಆ ಮುದುಕೀದು!" ಭಾಮೈದನ ಗಂಟಲೂ ಇದೆ. ಹೊಸ ಬೂಟಿನ ಒದೆ ಬೇರೆಯೇ ಕೇಳಿಸುತ್ತೆ.

ಒಂಬತ್ತೂಕಾಲಿಗೆ ಬಸ್ಸು. ಕಿಟಕಿಗೆ ಸರಳಿಲ್ಲ, ಅಲ್ಲಿಂದಲೇ ಇಳಿಯುತ್ತೇನೆ. ಕೆಳಗೆ ಹಿತ್ತಲ ಸೌದೆಮನೆಯ ತಗಡಿನ ಮಾಡು. ಪುಸ್ತಕ ಸೊಂಟಕ್ಕೆ ಕಟ್ಟಿದೆ. ಈ ಡೈರಿಯನ್ನೂ ತೆಗೆದುಕೊಂಡೇ ಹೋಗುತ್ತೇನೆ, ತಾರೀಕು ಬೇಕಾದರೆ ಅಲ್ಲಿ ಓದಿ

ಮೇಲಿನ ಚಿಲಕ ಕಿತ್ತು ಬಂತು. ಕೆಳಗಿನದು ಇನ್ನೂ