ಹೊಳಬಸಪ್ಪನ ಮುಖ

ಆಗಸ್ಟ್ 3, ಶನಿವಾರ. ಬೆಳಿಗ್ಗೆ 10.30

ಅಂಗಡಿ ತೆರೆದು ಊದಿನಕಡ್ಡಿ ಹಚ್ಚಿದೆ. ಇವತ್ತಿನ ಕೆಲಸ: ಬರ್ತ್‌ಡೇ ಫ್ಲೆಕ್ಸ್ ಎರಡು, ಸೀರೆ ಅಂಗಡಿಯ ಶ್ರಾವಣ ಸೇಲ್ ಒಂದು, ಶ್ರದ್ಧಾಂಜಲಿ ಒಂದು. ಬಟನ್ ಒತ್ತಿದರೆ ಕಂಪ್ಯೂಟರ್ ಎದ್ದೇಳಲಿಲ್ಲ. ಒಳಗೆ ಟಕ್... ಟಕ್... ಅಷ್ಟೇ. ನಿನ್ನೆ ಸಂಜೆ ಕರೆಂಟ್ ಹತ್ತು ಸಲ ಬಂದು ಹೋಗಿತ್ತು. ಯುಪಿಎಸ್ ಬ್ಯಾಟರಿ ಸತ್ತು ಒಂದು ವರ್ಷ. ನಾಳೆ ತಂದರಾಯಿತು ಎನ್ನುತ್ತ ಕೂತವನು ನಾನೇ.

ಹದಿನಾಲ್ಕು ವರ್ಷದ ಕೆಲಸ ಅದರಲ್ಲಿ. ಬನಹಟ್ಟಿಯಲ್ಲಿ ಯಾರು ಹುಟ್ಟಲಿ, ಸಾಯಲಿ, ನನ್ನ ಮಷಿನ್ನಿನಿಂದಲೇ ಬೀದಿಗೆ ಬರಬೇಕು.

ಮಧ್ಯಾಹ್ನ 1

ಬ್ಯಾಕಪ್‌ಗೆಂದೇ ಆರು ವರ್ಷದ ಹಿಂದೆ ಒಂದು ಡಿಸ್ಕ್ ತಂದಿದ್ದೆ. ನೆನಪಾಗಿ ಎದೆ ಹಗುರವಾಯಿತು. ಕಪಾಟಿನಿಂದ ಹುಡುಕಿ ತೆಗೆದು ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಚುಚ್ಚಿ ನೋಡಿದೆ. ತುಂಬ ಸಿನಿಮಾ. ಒಂದೇ ಒಂದು ಕೆಲಸದ ಫೈಲ್ ಇಲ್ಲ. ಭಲೇ ಪ್ರಭುಲಿಂಗಾ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಗಸ್ಟ್ 5, ಸೋಮವಾರ

ಜಮಖಂಡಿಗೆ ಹೋಗಿ ಕಲ್ಮೇಶನಿಗೆ ಹಾರ್ಡ್ ಡಿಸ್ಕ್ ಕೊಟ್ಟು ಬಂದೆ. ಕಂಪ್ಯೂಟರ್ ರಿಪೇರಿಯವನು, ಹಳೆಯ ಗೆಳೆಯ. ಕಿವಿಗೆ ಹಿಡಿದು ಕೇಳಿದ, ವೈದ್ಯರ ಹಾಗೆ. ಬ್ಯಾಕಪ್ ಇಲ್ಲವೇ ಎಂದ. ಇದ್ದಿದ್ದರೆ ನಿನ್ನ ಮುಖ ನೋಡಲು ಯಾಕೆ ಬರುತ್ತಿದ್ದೆ ಎಂದೆ. ನಕ್ಕ. ಎಷ್ಟು ಉಳಿದಿದೆಯೋ ಅಷ್ಟು, ಹತ್ತು ದಿನ ಬೇಕು ಎಂದ.

ಹೊಸ ಕಂಪ್ಯೂಟರ್ ಹಾಕಿಸಿದೆ. ಪರದೆ ಪೂರ್ತಿ ಖಾಲಿ. ಒಂದೂ ಮುಖವಿಲ್ಲ.

ಆಗಸ್ಟ್ 9, ಶುಕ್ರವಾರ. ಬೆಳಿಗ್ಗೆ 11

ಒಬ್ಬ ಹೆಣ್ಣುಮಗಳು ಬಂದಿದ್ದಳು. ಇಂದ್ರವ್ವ. ಮುಧೋಳ ಕಡೆ, ಘಟಪ್ರಭೆಯ ದಂಡೆಯ ಊರು. ಜೊತೆಗೆ ಐದು ವರ್ಷದ ಮಗಳು ಐಶ್ವರ್ಯ. ಹೋದ ತಿಂಗಳು ಹೊಳೆ ಮನೆಗೆ ನುಗ್ಗಿ ಟ್ರಂಕು, ಕಾಗದ, ಫೋನು, ಗೋಡೆ ಮೇಲಿನ ಮದುವೆ ಫೋಟೋ ಎಲ್ಲ ಒಯ್ದಿದೆ. ಗಂಡ ಹೊಳಬಸಪ್ಪ ಇಲ್ಲೇ ಬನಹಟ್ಟಿಯಲ್ಲಿ ಮಗ್ಗ ಓಡಿಸುತ್ತಿದ್ದ. ಐದು ವರ್ಷದ ಹಿಂದೆ ತೀರಿಕೊಂಡ. ಇವಳು ಆಗ ತವರಿನಲ್ಲಿ ಬಾಣಂತಿ. ಮಗ್ಗದ ಗೆಳೆಯರು ನನ್ನಲ್ಲಿ ಫ್ಲೆಕ್ಸ್ ಮಾಡಿಸಿ ಓಣಿಯಲ್ಲಿ ಕಟ್ಟಿದ್ದರಂತೆ. ಅದನ್ನು ಅವಳು ನೋಡಿಯೇ ಇಲ್ಲ. ಅವರಿಗೆ ಆ ಫೋಟೋ ಕೊಟ್ಟಿದ್ದ ಮಗ್ಗದ ಮಾಲೀಕ ಈಗ ಇಚಲಕರಂಜಿಯಲ್ಲಿ. ಅವನ ಫೋನೂ ಬದಲಾಗಿದೆ. ಆಧಾರ್ ಕಾರ್ಡಿನ ಝೆರಾಕ್ಸ್ ಒಂದು ಉಳಿದಿದೆ. ಮುಖದ ಜಾಗದಲ್ಲಿ ಕಪ್ಪು ಮಸಿ.

ಕೂಸಿಗೆ ತಂದೆಯ ನೆನಪಿಲ್ಲ. ಗೋಡೆಯ ಫೋಟೋ ಒಂದೇ ಗೊತ್ತಿತ್ತು. ಅದೂ ಈಗ ಮಸುಕಾಗುತ್ತಿದೆ, ದಿನಾ ಕೇಳುತ್ತಾಳೆ ಎಂದಳು. ಆಮೇಲೆ ದನಿ ಇಳಿಸಿ ಹೇಳಿದಳು.

‘ಖರೆ ಹೇಳಬೇಕಂದ್ರ ನನಗೂ ಮಾರಿ ಪೂರಾ ನೆಪ್ಪಿಗಿ ಬರವಲ್ದ್ರಿ ಅಣ್ಣಾರ. ವರ್ಷಾನೂ ಬಾಳೇ ಮಾಡ್ಲಿಲ್ಲ ನಾವು. ಕಣ್ಣು ಮುಚ್ಚಿದ್ರ ಬರೇ ಹೊಳಿ ಕಾಣತೈತಿ.’

ನನಗೆ ಏನು ಬಡಿದಿತ್ತೋ, ಹಳೆ ಚಟ, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. ಚಿಂತೆ ಬೇಡ, ಕಂಪ್ಯೂಟರಿನಲ್ಲಿ ಇರುತ್ತಾರೆ ಎಂದೆ. ರಿಪೇರಿಗೆ ಹೋಗಿದೆ, ಬಂದ ಮೇಲೆ ಕೊಡುತ್ತೇನೆ. ಅವಳು ಎರಡೂ ಕೈ ಎತ್ತಿ ಮುಗಿದಳು. ಹುಡುಗಿಯ ಒಂದು ಫೋಟೋ ತೆಗೆದುಕೊಂಡೆ, ಸಾಲೆಗೆ ಬೇಕೆಂದಿದ್ದಳು.

ಆಗಸ್ಟ್ 14, ಬುಧವಾರ

ಕಲ್ಮೇಶ ಡಿಸ್ಕ್ ಕೊಟ್ಟ. ಮುಕ್ಕಾಲು ಪಾಲು ಬಂದಿದೆ. ಬರ್ತ್‌ಡೇಗಳು, ಗೃಹಪ್ರವೇಶಗಳು, ಚುನಾವಣೆಯ ಕೈ ಮುಗಿದವರು. ಶ್ರದ್ಧಾಂಜಲಿ ಮಾತ್ರ ಒಂದೇ. ಹೋದ ಜೂನ್‌ನಲ್ಲಿ ತೀರಿದ ಮುತ್ತಣ್ಣನದು.

‘ಉಳಿದವ್ರು ಎಲ್ಲಿ ಹೋದ್ರೋ?’ ಎಂದೆ.

‘ಇದ್ದದ್ದ ಒಂದ ಫೈಲ್ ಐತಲೇ. ಹೋಗಿದ್ದಲ್ಲ ಅದು, ನೀನ ಒರಿಸಿದ್ದಿ.’

ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ, ಇಲ್ಲಿ ಬಿಟ್ಟರೆ ಎಲ್ಲಿ. ಹಾರ, ದೀಪ, ಪಾರಿವಾಳ, ಕೋಟು, ಎಲ್ಲ ಮೊದಲೇ ಜೋಡಿಸಿಟ್ಟ ಒಂದು ಫೈಲ್. ಯಾರಾದರೂ ತೀರಿದರೆ ಅದನ್ನೇ ತೆರೆಯುವುದು. ಹಳೆ ಮುಖ ತೆಗೆಯುವುದು, ಹೊಸ ಮುಖ ಇಡುವುದು, ಹೆಸರು ತಾರೀಖು ಬದಲಿಸುವುದು, ಸೇವ್. ಬೇರೆ ಹೆಸರಿನಲ್ಲಿ ಇಡಲು ಒಂದು ಬಟನ್ ಹೆಚ್ಚು ಒತ್ತಬೇಕು, ಅಷ್ಟೇ. ಸತ್ತವರು ತಿರುಗಿ ಯಾಕೆ ಬೇಕಾಗುತ್ತಾರೆ ಅಂದುಕೊಂಡಿದ್ದೆ. ಒಬ್ಬರ ಮೇಲೊಬ್ಬರು. ಹದಿನಾಲ್ಕು ವರ್ಷ.

ಡಿಸ್ಕ್ ಕೆಡದಿದ್ದರೂ ಹೊಳಬಸಪ್ಪ ಇರುತ್ತಿರಲಿಲ್ಲ.

ಆಗಸ್ಟ್ 22

ಶ್ರದ್ಧಾಂಜಲಿಯ ಕೋಟು ನನ್ನದು. ಮದುವೆಯಲ್ಲಿ ನಾನು ತೊಟ್ಟದ್ದು. ನನ್ನ ಫೋಟೋದ ಕೊರಳು ಕತ್ತರಿಸಿ ಭುಜಗಳನ್ನು ಉಳಿಸಿಕೊಂಡಿದ್ದೆ. ಲುಂಗಿಯಲ್ಲಿ ಸತ್ತವರೂ ತಲೆಗೆ ಪಟಗ ಸುತ್ತಿದವರೂ ನನ್ನ ಕೋಟು ತೊಟ್ಟೇ ಹೋದರು. ಹೆಂಡತಿ ದಾನಮ್ಮನಿಗೆ ಇದು ಮೊದಲಿನಿಂದ ಸೇರದು. ಇವತ್ತು ಊಟಕ್ಕೆ ಬಡಿಸುವಾಗ ಸುಮ್ಮನೆ ಅಂದಳು.

‘ಇನ್ನಾದ್ರೂ ನಿಮ್ಮ ಭುಜಾ ನಿಮಗ ಇಟ್ಕೋರಿ.’

ಇಷ್ಟು ದಿನ ಕಣ್ಣಿಗೆ ಬೀಳದ್ದು ಈಗ ಎಲ್ಲ ಕಡೆ. ಹಳೆ ಫ್ಲೆಕ್ಸ್ ಯಾರೂ ಬಿಸಾಡುವುದಿಲ್ಲ, ಸಂತೆಯಲ್ಲಿ ಮಾರಾಟಕ್ಕೂ ಬರುತ್ತದೆ. ರನ್ನ ಬೆಳಗಲಿಯಲ್ಲಿ ಜೋಳದ ಕಣಕಿಯ ಬಣವೆಯ ಮೇಲೆ ನನ್ನ ಭುಜಗಳು, ಮುಖ ಬಿಸಿಲಿಗೆ ಬೆಳ್ಳಗಾಗಿದೆ. ರಬಕವಿಯ ಚಹಾ ಅಂಗಡಿಯಲ್ಲಿ ಕಟ್ಟಿಗೆಯ ಮೇಲೆ ಯಾರದೋ ಅರ್ಧ ಹಣೆ, ಒಂದು ಕಣ್ಣು. ಗಾಡಿ ನಿಲ್ಲಿಸಿ ಹೆಸರು ಓದುತ್ತೇನೆ. ಹೊಳಬಸಪ್ಪ ಅಲ್ಲ. ಭಯವಾಗುತ್ತದೆ. ಗಾಳಿ ಬಂದರೆ ಅವು ಉಸಿರಾಡುತ್ತವೆ.

ಸೆಪ್ಟೆಂಬರ್ 2, ಸೋಮವಾರ

ಬ್ಯಾಕಪ್ ಆಯಿತು. ಈಗ ಪ್ರತಿ ಸೋಮವಾರ, ಅಂಗಡಿ ಕಸ ಗುಡಿಸಿದ ಕೂಡಲೇ. ಒಂದು ಅಂಗಡಿಯಲ್ಲಿ, ಒಂದು ಮನೆಯ ಟ್ರೆಜರಿ ಕಪಾಟಿನಲ್ಲಿ, ಒಂದು ಇಂಟರ್ನೆಟ್ಟಿನಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಶಾಣ್ಯಾ ನಾನು.

ಇಂದ್ರವ್ವ ಮೂರನೆಯ ಸಲ ಫೋನ್ ಮಾಡಿದಳು, ಯಾರದೋ ಫೋನಿನಿಂದ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹಿಂದಿನಿಂದ ಹುಡುಗಿಯ ದನಿ: ‘ಅಪ್ಪ ಸಿಕ್ಕನಂತ?’ ಬಾಯಿ ಬೇರೆಯದನ್ನೇ ಆಡಿತು. ಬಹಳ ಮುಖಗಳು ಹೆಸರಿಲ್ಲದೆ ಬಂದಿವೆ, ಗುರುತು ಹೇಳಿದರೆ ಹುಡುಕುತ್ತೇನೆ ಎಂದೆ.

ಅವಳು ನೆನಪಿದ್ದಷ್ಟು ಹೇಳಿದಳು. ತುಂಬು ಮೀಸೆ. ಎಣ್ಣೆಗೆಂಪು ಬಣ್ಣ. ಎಡ ಹುಬ್ಬಿನ ಮೇಲೆ ಗಾಯದ ಕಲೆ, ಮಗ್ಗದ ಲಾಳಿ ಹಾರಿ ಬಡಿದದ್ದು. ಅದೊಂದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ. ಮದುವೆಯಾದ ಹೊಸತರಲ್ಲಿ ಅರಿಸಿನ ಹಚ್ಚಿದವಳು ಅವಳೇ.

ಸೆಪ್ಟೆಂಬರ್ 6. ಮಧ್ಯಾಹ್ನ

ಮಾಡಬಾರದ್ದು ಮಾಡಿದೆ. ಹುಡುಗಿಯ ಫೋಟೋವನ್ನು ಫೋನಿನ ಆ್ಯಪ್‌ಗೆ ಕೊಟ್ಟೆ. ಗಂಡು ಮಾಡು ಎಂದರೆ ಮಾಡಿತು, ಮೂವತ್ತು ವರ್ಷ ಏರಿಸು ಎಂದರೆ ಏರಿಸಿತು. ಮೀಸೆ ನಾನು ಇಟ್ಟೆ. ಹುಬ್ಬಿನ ಮೇಲೆ ಗಾಯ ನಾನೇ ಬಿಡಿಸಿದೆ. ಕೋಟು ತೊಡಿಸಿದೆ. ಎಲ್ಲಿಯೂ ಇರದ ಮನುಷ್ಯ ನನ್ನನ್ನು ನೋಡುತ್ತ ಕೂತ. ಚೆಲುವನೇ. ‘ಹೊಳಬಸಪ್ಪ’ ಎಂದು ಹೆಸರು ಹಾಕಿ ಸೇವ್ ಮಾಡಿದೆ.

ಸೆಪ್ಟೆಂಬರ್ 9, ಸೋಮವಾರ

ಬ್ಯಾಕಪ್ ಆಯಿತು.

ಇಂದ್ರವ್ವ ಬಂದಳು. ಸಿಕ್ಕಿದೆ ಎಂದು ಹೇಳಿ ಫ್ರೇಮ್ ಕೈಗಿಟ್ಟೆ. ಬಹಳ ಹೊತ್ತು ನೋಡಿದಳು. ಅವಳ ಬೆರಳು ಗಾಜಿನ ಮೇಲೆ ಹುಡುಕುತ್ತ ಹೋಗಿ ಎಡ ಹುಬ್ಬಿಗೆ ನಿಂತಿತು.

‘ಇಲ್ಲೇ ನೋಡ್ರಿ. ಇಲ್ಲೇ ಬಡದಿತ್ತು.’

ಅತ್ತಳು. ಹುಡುಗಿ ಕೇಳಿದಳು, ಅಪ್ಪನಿಗೆ ಕೋಟು ಇತ್ತೇ ಎಂದು. ಇತ್ತು ಎಂದಳು ತಾಯಿ, ಅಳುತ್ತಲೇ ನಕ್ಕು. ಫ್ರೇಮನ್ನು ಸೆರಗಿನಲ್ಲಿ ಸುತ್ತಿ, ಎದೆಗೆ ಹಿಡಿದು ಬಸ್ಸಿಗೆ ಹೋದರು.

ಒಳ್ಳೆಯದೇ ಮಾಡಿದೆನಲ್ಲ? ಕೂಸಿಗೆ ಒಬ್ಬ ತಂದೆ ಸಿಕ್ಕ. ದಾನಮ್ಮನಿಗೆ ಹೇಳಿಲ್ಲ.

ಅಕ್ಟೋಬರ್ 14

ಬ್ಯಾಕಪ್ ಆಯಿತು. ಬರೆಯುವಂಥದ್ದು ಏನಿಲ್ಲ.

ನವೆಂಬರ್ 18, ಸೋಮವಾರ. ಸಂಜೆ 5

ಬಾಡಗಂಡಿಗೆ ಹೋಗಿದ್ದೆ, ಕಬ್ಬಿನ ಟ್ರ್ಯಾಕ್ಟರ್ ಮಾಲೀಕನೊಬ್ಬನ ಬ್ಯಾನರ್ ಕಟ್ಟಲು. ಸಕ್ಕರೆ ಕಾರ್ಖಾನೆ ಶುರುವಾಗಿದೆ, ಕಬ್ಬು ಕಡಿಯುವ ಗ್ಯಾಂಗಿನವರು ರಸ್ತೆ ಬದಿಗೆ ಗುಡಿಸಲು ಹಾಕಿದ್ದಾರೆ. ನೀರು ಕೇಳಿದೆ. ಬೋರವ್ವ ಎಂಬ ಹೆಂಗಸು ಒಳಗೆ ನೆರಳಿನಲ್ಲಿ ಕೂಡಲು ಹೇಳಿದಳು. ಬಗ್ಗಿ ಒಳಗೆ ಹೋಗಿ ತಂಬಿಗೆ ಎತ್ತಿ ಕುಡಿಯುವಾಗ ಮೇಲೆ ನೋಡಿದೆ.

ನನ್ನ ಭುಜಗಳು. ಹಾರ, ಪಾರಿವಾಳ. ಕೆಳಗೆ ‘ಹೊಳಬಸಪ್ಪ’. ಅದರ ಕೆಳಗೆ ‘ಮಗ್ಗದ ಗೆಳೆಯರು’. ಚಿತ್ರದ ಮಗ್ಗಲು ಒಳಗೆ ಮಾಡಿ ಗುಡಿಸಲಿಗೆ ಹೊದಿಸಿದ್ದರು, ಅದಕ್ಕೇ ಬಣ್ಣ ಹೋಗಿಲ್ಲ.

ನಾನು ಮಾಡಿದವನಿಗೂ ಇವನಿಗೂ ಸಂಬಂಧವೇ ಇಲ್ಲ. ಕೋಲು ಮುಖ. ಹೊರಗೆ ಚಾಚಿದ ಕಿವಿ, ಐಶ್ವರ್ಯಳ ಕಿವಿ. ನಗು ತಡೆದುಕೊಂಡ ಬಾಯಿ. ತಂಬಿಗೆ ಕೆಳಗಿಟ್ಟು ಹೆಸರನ್ನು ಮತ್ತೊಮ್ಮೆ ಓದಿದೆ. ಇವರು ನಿಮಗೆ ಏನಾಗಬೇಕು ಎಂದು ಬೋರವ್ವ ಕೇಳಿದಳು. ನಮ್ಮ ಊರಿನವರು ಎಂದೆ.

‘ಎರಡ ವರ್ಷಾತ್ರಿ, ಇವ್ರ ನಮ್ಮ ಜೋಡಿನ ಅದಾರ. ಹುಡುಗ್ರು ಕಾಕಾ ಅಂತಾವ. ಮಲಗೂಮುಂದ ಮಾತಾಡಸ್ತಾವ.’

ಬೇರೊಂದು ಹೊಸ ಫ್ಲೆಕ್ಸ್ ಗಾಡಿಯಲ್ಲಿತ್ತು, ದೊಡ್ಡದು. ಅದನ್ನು ಹೊದಿಸಿ ಕೊಟ್ಟು ಇದನ್ನು ಬಿಚ್ಚಿಸಿಕೊಂಡೆ. ಸಣ್ಣ ಹುಡುಗಿಯೊಂದು ಮೂಲೆ ಹಿಡಿದುಕೊಂಡು ಬಿಡಲೇ ಇಲ್ಲ. ಕಾಕಾ ಎಲ್ಲಿಗೆ ಹೊರಟ ಎಂದಿತು. ಅವರ ಮನೆಗೆ ಎಂದೆ. ಬಿಟ್ಟಿತು.

ನವೆಂಬರ್ 21, ಗುರುವಾರ. ರಾತ್ರಿ 8

ಮುಖವನ್ನು ಒಳ್ಳೆ ಬೆಳಕಿನಲ್ಲಿ ಫೋಟೋ ತೆಗೆದು, ಮಡಿಕೆಗಳನ್ನು ಅಳಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿ ಇವತ್ತು ಇಂದ್ರವ್ವನ ಊರಿಗೆ ಒಯ್ದೆ. ಎಲ್ಲ ಹೇಳಬೇಕೆಂದೇ ಹೋದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ.

ಗೋಡೆಯಲ್ಲಿ ಹೊಳೆಯ ನೀರಿನ ಗೆರೆ. ಗೆರೆಯ ಮೇಲೆ ನನ್ನ ಫ್ರೇಮ್, ದಿನದ ಹೂವು. ಐಶ್ವರ್ಯ ಸಾಲೆಯಿಂದ ಬಂದು ಪಾಟಿಚೀಲ ಇಳಿಸಿ ಅದಕ್ಕೆ ಕೈ ಮುಗಿದು, ಬಂದೆ ಅಪ್ಪಾ ಎಂದು ಹೊರಗೆ ಓಡಿದಳು. ಜೋಡಿಸಿದ್ದ ಮಾತೆಲ್ಲ ಅಲ್ಲೇ ಕಲಸಿಹೋಯಿತು. ಸುಮ್ಮನೆ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಆಮೇಲೆ ಬೈಯಲಿ, ಹೊಡೆಯಲಿ.

‘ಇವರ ಯಾರ್ರಿ?’

ಸರಿಯಾಗಿ ನೋಡಿರಿ ಎಂದೆ. ಬೆಳಕಿಗೆ ಹಿಡಿದು ನೋಡಿದಳು. ಅವಳ ಬೆರಳು ಮತ್ತೆ ಎಡ ಹುಬ್ಬಿಗೆ ಹೋಯಿತು.

‘ಕಿವಿ ಸ್ವಲ್ಪ ನಮ್ಮವರ ಗತೆ ಅದಾವು. ಆದ್ರ ನಮ್ಮವರಿಗೆ ಇಲ್ಲಿ ಗಾಯ ಇತ್ತಲ್ರಿ ಅಣ್ಣಾರ. ಇವರಿಗಿಲ್ಲ.’

ಆಗ ನಾನೂ ನೋಡಿದೆ. ಹುಬ್ಬಿನ ಮೇಲೆ ನುಣ್ಣಗೆ. ಕಲೆ, ಮೊಡವೆ, ಗಾಯ ಎಲ್ಲ ಒರೆಸಿ ಚೊಕ್ಕ ಮಾಡಿಯೇ ಸತ್ತವರನ್ನು ಕಳಿಸುವವನು ನಾನು. ಯಾರೂ ಕೇಳದಿದ್ದರೂ. ಐದು ವರ್ಷದ ಹಿಂದೆ ಇವನದನ್ನೂ ಒರೆಸಿದ್ದೇನೆ. ಗೋಡೆ ಮೇಲಿನ ಸುಳ್ಳಿನಲ್ಲಿ ಆ ಗಾಯವೊಂದೇ ಖರೆ. ಖರೆ ಮುಖದಲ್ಲಿ ಅದೊಂದೇ ಇಲ್ಲ.

ಬೇರೆಯವರದು ಬಂದುಬಿಟ್ಟಿದೆ, ತಪ್ಪಾಯಿತು ಎಂದೆ. ಅವಳು ಪ್ರಿಂಟನ್ನು ಜೋಪಾನವಾಗಿ ಪೇಪರಿನಲ್ಲಿ ಸುತ್ತಿ ತಿರುಗಿ ಕೊಟ್ಟಳು.

‘ಪಾಪ, ಇವರ ಮನಿಯವ್ರೂ ಹುಡಕಾಕತ್ತಿರಬೇಕು. ಮುಟ್ಟಸ್ರಿ.’

ಚಹಾ ಕೊಟ್ಟಳು. ಕುಡಿದು ಬಂದೆ. ನಾಚಿಕೆಗೇಡಿ.

ನವೆಂಬರ್ 25, ಸೋಮವಾರ. ಮಧ್ಯಾಹ್ನ 1

ಕಸ ಗುಡಿಸಿದೆ. ಬ್ಯಾಕಪ್ ಇನ್ನೂ ಆಗಿಲ್ಲ.

ಬೆಳಿಗ್ಗೆಯಿಂದ ಅವನ ಹುಬ್ಬಿನ ಮುಂದೆ ಕೂತಿದ್ದೇನೆ. ಗಾಯವನ್ನು ತಿರುಗಿ ಇಡಬೇಕು. ಇಟ್ಟು ಒಯ್ದರೆ ಗುರುತು ಹಿಡಿಯುತ್ತಾಳೆ. ಗುರುತು ಹಿಡಿದರೆ ಗೋಡೆಯ ಮೇಲಿನವನು ಯಾರು ಎಂದೂ ಕೇಳುತ್ತಾಳೆ. ಕೇಳಲಿ. ಗಾಯ ಎಷ್ಟು ಉದ್ದವಿತ್ತು, ಅಡ್ಡವೋ ಓರೆಯೋ. ಒರೆಸುವಾಗ ಕಣ್ಣಾರೆ ನೋಡಿದವನು ನಾನೇ, ನೆನಪಿಗೆ ಬರುತ್ತಿಲ್ಲ. ಅಂದಾಜಿನ ಮೇಲೆ ಒಂದು ಗೆರೆ ಎಳೆದೆ. ಕೋಟು ತೆಗೆದೆ. ಕೊರಳ ಕೆಳಗೆ ಏನೂ ಇಲ್ಲ, ಇರಲಿ.

ಹೆಸರು ಕೇಳಿತು. ‘ಹೊಳಬಸಪ್ಪ’ ಎಂದು ಒತ್ತಿದೆ.

ಈ ಹೆಸರಿನ ಫೈಲ್ ಈಗಾಗಲೇ ಇದೆ, ಅದನ್ನು ಅಳಿಸಿ ಇದನ್ನು ಇಡಬೇಕೇ ಎಂದು ಕೇಳುತ್ತಿದೆ. ಎಸ್. ನೋ. ಹದಿನಾಲ್ಕು ವರ್ಷ ಓದದೆಯೇ ಎಸ್ ಒತ್ತಿದ ಬೆರಳು. ಇದು ಹೊಳಬಸಪ್ಪ, ಗೊತ್ತು. ಆದರೆ ಸಾಲೆ ಬಿಟ್ಟು ಬಂದು ಆ ಹುಡುಗಿ ದಿನಾ, ಬಂದೆ ಅಪ್ಪಾ ಎನ್ನುವುದು ಅಳಿಸಲಿರುವ ಆ ಮುಖಕ್ಕೆ. ಬೆರಳು ಇನ್ನೂ ಒತ್ತಿಲ್ಲ.