ಸೊಲಾಂಜಳ ಗೇಟು

ಏಪ್ರಿಲ್ 17, ಬೆಳಿಗ್ಗೆ

ಒಸೇರ್ ಊರು ಬಿಟ್ಟು ಮೂರು ದಿನ. ಕಾಲುವೆಯಲ್ಲಿ ಬಂದದ್ದು ಹದಿನೆಂಟು ಕಿಲೋಮೀಟರ್. ಫೆರ್ನಾನ್ ಮತ್ತೆ ದೋಣಿಯ ಡೆಕ್ ತೊಳೆಯುತ್ತಿದ್ದಾನೆ, ನಿನ್ನೆ ತೊಳೆದದ್ದನ್ನೇ. ದಡದ ನಾಯಿಗಳೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿವೆ. ಬಾಡಿಗೆ ದೋಣಿಯ ಪ್ರವಾಸಿಗರು ಕೈಬೀಸಿ, "ಎಷ್ಟು ಆರಾಮಾಗಿದ್ದೀರಿ" ಅಂದರು. ಆರಾಮಂತೆ. ಚೆರ್ರಿ ಹಣ್ಣಾಗುವವರೆಗೆ ಇವನು ಇದ್ದರೆ ಹೆಚ್ಚು ಅಂದಿದ್ದಾರೆ ಡಾಕ್ಟರು. ಮರಗಳು ಆಗಲೇ ಹೂ ಉದುರಿಸುತ್ತಿವೆ.

ಏಪ್ರಿಲ್ 19

ಜಗಳ.

"ಮಗಳನ್ನ ನೋಡಬೇಕು ಅಂದೋನು ನೀನೇ. ಈಗ ಊರೂರಲ್ಲೂ ಬ್ರೆಡ್ಡಿಗೆ ಅಂತ ನಿಲ್ಲಿಸ್ತೀಯ."

"ಇಲ್ಲಿ ಬಿಸಿದು ಸಿಗುತ್ತೆ ಕಣೆ."

"ಹೆದರಿಕೆ ಅನ್ನು."

ಕೈಲಿದ್ದ ಹಗ್ಗ ಸುತ್ತಿಟ್ಟ. ಆಮೇಲೆ, "ಹೂಂ, ಹೆದರಿಕೆ" ಅಂದ. ಮದುವೆಯಾದ ನಲವತ್ತೈದು ವರ್ಷದಲ್ಲಿ ಮೊದಲ ಸಲ. ಅಳು ಬಂತು. ಆಲೂಗಡ್ಡೆ ಸುಲಿಯುತ್ತ ಕೂತೆ.

ಸೊಲಾಂಜ್ ಹುಟ್ಟಿದ್ದೇ ನಮ್ಮ ಸರಕು ದೋಣಿಯಲ್ಲಿ. ಏಳು ವರ್ಷಕ್ಕೆ ಚುಕ್ಕಾಣಿ ಚಕ್ರ ಹಿಡಿದವಳು. ದಡದ ಪೋಸ್ಟ್‌ಮ್ಯಾನನ್ನು ಕಟ್ಟಿಕೊಂಡು, ದೋಣಿಗಳನ್ನು ದಾಟಿಸಲು ಕಾಲುವೆಯ ಗೇಟು ತೆಗೆಯುವ ಕೆಲಸಕ್ಕೆ ಸೇರಿದಳು. "ದಡ ಸೇರಿದವಳ ಗೇಟು ನಾನು ದಾಟಲ್ಲ" ಅಂದ ಇವನು. ಹನ್ನೊಂದು ವರ್ಷ ದಾಟಲಿಲ್ಲ. ಒಂದು ಗೇಟು ತಪ್ಪಿಸಲು ಅರ್ಧ ದೇಶ ಸುತ್ತಿದ ಮಹಾರಾಯ.

ಏಪ್ರಿಲ್ 24

ನಾಲ್ಕು ದಿನ ಮೈಯಿ ಊರಲ್ಲೇ ನಿಂತೆವು. ಇವನಿಗೆ ಜ್ವರ, ಕೆಮ್ಮಿದರೆ ರಕ್ತ. ಆಸ್ಪತ್ರೆ ಬೇಡವೇ ಬೇಡ ಅಂದ. ಇವತ್ತು ತಾನಾಗಿ ಎದ್ದು ಗಡ್ಡ ಬೋಳಿಸಿಕೊಂಡ. "ನಾಳೆ ಹೋಗಿಬಿಡೋಣ."

ಸೊಲಾಂಜಳಿಗೆ ಫೋನ್ ಮಾಡಿದೆ.

"ಬರಲಿ ಬಿಡಮ್ಮ. ಆದ್ರೆ ಅಪ್ಪನೇ ಕರೀಬೇಕು. ನಾನಾಗಿ ಬರಲ್ಲ."

ಅಪ್ಪನ ಮಗಳೇ.

ಏಪ್ರಿಲ್ 25, ಸಂಜೆ

ಬರೆಯಬೇಕು. ಬರೆಯದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಹನ್ನೊಂದೂವರೆಗೆ ತಲುಪಬೇಕಿತ್ತು. ದಾರಿಯಲ್ಲಿ ನಿಲ್ಲಿಸಿ ಲಿಲಾಕ್ ಹೂ ಕಿತ್ತ, ಮಗಳಿಗೆ. ತಲುಪಿದ್ದು ಹನ್ನೆರಡೂ ಐದಕ್ಕೆ. ಗೇಟು ಮುಚ್ಚಿತ್ತು. ಹನ್ನೆರಡರಿಂದ ಒಂದು, ಗೇಟಿನವರ ಊಟ. ಆ ಹೊತ್ತಲ್ಲಿ ಹಾರ್ನ್ ಹೊಡೆದು ಎಬ್ಬಿಸುವವರು ಪ್ರವಾಸಿಗರು. ದೋಣಿಯಲ್ಲಿ ಹುಟ್ಟಿ ಬೆಳೆದವರು ಸತ್ತರೂ ಹೊಡೆಯುವುದಿಲ್ಲ.

ಇಳಿದು ಹಗ್ಗ ಕಟ್ಟಿದೆ. ಅವಳ ಮನೆ ಐವತ್ತು ಹೆಜ್ಜೆ.

"ಇವತ್ತೊಂದಿನ ಹೊಡಿ" ಅಂದೆ.

"ಉಣ್ತಿರ್ತಾಳೆ ಕಣೆ. ಉಣ್ಲಿ. ಒಂದು ಗಂಟೆ ತಾನೇ."

ಚಕ್ರದ ಹಿಂದೆ ಸ್ಟೂಲಿನ ಮೇಲೆ ಕೂತ. ಟೋಪಿ ತೆಗೆದು ಕೂದಲು ಸರಿಮಾಡಿಕೊಂಡ. ಮದುವೆಗೆ ಹೊರಟವನ ಹಾಗೆ ಕಾಣುತ್ತೀಯ ಅಂದೆ, ನಕ್ಕ. ನಾನು ದಡದಲ್ಲೇ ಹುಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವನ ತಲೆ ಎದೆಗೆ ಬಿತ್ತು. ನಿದ್ದೆ ಅಂದುಕೊಂಡೆ. ರಾತ್ರಿಯೆಲ್ಲ ಕೆಮ್ಮಿದ್ದಾನೆ, ಮಲಗಲಿ ಅಂದುಕೊಂಡೆ.

ಒಂದಕ್ಕೆ ಸರಿಯಾಗಿ ಬಂದಳು. ಗೇಟು ತೆರೆದಳು. "ಒಳಗೆ ತಗೋಪ್ಪ" ಅಂದಳು. ದೋಣಿ ಅಲುಗಲಿಲ್ಲ. ಇನ್ನೊಮ್ಮೆ ಅಂದಳು, ಮೆಲ್ಲಗೆ.

ಹೋಗಿ ಕೈ ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು, ಅಷ್ಟೇ.

ಏಪ್ರಿಲ್ 29

ನಿನ್ನೆ ಮಣ್ಣಾಯಿತು. ಸೊಲಾಂಜಳ ಮನೆಯಲ್ಲಿದ್ದೇನೆ. ನೆಲ ತೂಗುವುದಿಲ್ಲ, ನಿದ್ದೆ ಹತ್ತುವುದಿಲ್ಲ.

"ಅವತ್ತು ನಾನು ಉಣ್ಲೇ ಇಲ್ಲಮ್ಮ" ಅಂದಳು. "ಕಿಟಕೀಲೇ ಕೂತಿದ್ದೆ. ಹಾರ್ನ್ ಕೇಳಿದ ತಕ್ಷಣ ಓಡಿಬರೋಣ ಅಂತ."

"ಊಟದ ಹೊತ್ತಲ್ಲಿ ಅವನು ಹೊಡೀತಾನಾ?"

"ನನಗೋಸ್ಕರ ಒಂದ್ಸಲ ಹೊಡೀತಾನೆ ಅನ್ಕೊಂಡೆ."

ಅವಳಿಗೋಸ್ಕರವೇ ಹೊಡೆಯಲಿಲ್ಲ ಅಂತ ಹೇಳಿದೆ. ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಬೆನ್ನು ಸವರಿದೆ. ಇನ್ನೊಂದು ವಿಷಯ ಮಾತ್ರ ಹೇಳಲಿಲ್ಲ.

ಐವತ್ತು ಹೆಜ್ಜೆ. ನನ್ನ ಕಾಲಿಗೇನಾಗಿತ್ತು? ಹೋಗಿ ಬಾಗಿಲು ತಟ್ಟಬಹುದಿತ್ತು. ಇಬ್ಬರಲ್ಲಿ ಒಬ್ಬರಾದರೂ ಸೋಲಲಿ, ಈ ಸಲ ನಾನು ಮಧ್ಯೆ ಹೋಗುವುದಿಲ್ಲ ಅಂತ ಹಟ ಹಿಡಿದು ಕೂತವಳು ನಾನು. ನೀನ್ಯಾಕೆ ಬಂದು ಕರೀಲಿಲ್ಲ ಅಂತ ಅವಳಿನ್ನೂ ಕೇಳಿಲ್ಲ. ಕೇಳಿದರೆ...